ಹಬ್ಬಕ್ಕೆ ಮುಟ್ಟು ಮುಂದೂಡುವ ಮುನ್ನ



ವರಮಹಾಲಕ್ಷ್ಮಿ ವ್ರತ, ಮದುವೆ, ಗೃಹಪ್ರವೇಶ ಹತ್ತಿರ ಬಂತೆಂದರೆ ನಮ್ಮ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಒಂದೇ: "ಡಾಕ್ಟ್ರೇ, ಮುಟ್ಟು ಮುಂದಕ್ಕೆ ಹೋಗೋ ಮಾತ್ರೆ ಬರೆದುಕೊಡಿ." ಹಲವರು ಕೇಳುವುದೂ ಇಲ್ಲ; ಔಷಧಿ ಅಂಗಡಿಯಿಂದ ನೇರವಾಗಿ ತಂದು ನುಂಗುತ್ತಾರೆ.

ಆ ಮಾತ್ರೆ ನೋರೆಥಿಸ್ಟೆರಾನ್ ಎಂಬ ಹಾರ್ಮೋನು. ಸಾಮಾನ್ಯವಾಗಿ ಮುಟ್ಟಿಗೆ 3 ದಿನ ಮುಂಚೆ ಆರಂಭಿಸಿ, 5 ಮಿ.ಗ್ರಾಂ.ನಂತೆ ದಿನಕ್ಕೆ 3 ಬಾರಿ ಕೊಡುತ್ತೇವೆ. ನಿಲ್ಲಿಸಿದ 2–3 ದಿನಕ್ಕೆ ಸ್ರಾವವಾಗುತ್ತದೆ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆಯವರು ಇದನ್ನು ಮುಟ್ಟಬಾರದು. ಹೀಗೆ ತೆಗೆದುಕೊಂಡರೆ ಗರ್ಭ ತಡೆಯುತ್ತದೆಂದೂ ನಂಬಬೇಡಿ. ಅದಕ್ಕೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾಲಾ-ಎನ್ ಉಚಿತ: 21 ಹಾರ್ಮೋನು ಮಾತ್ರೆ, 7 ಕಬ್ಬಿಣಾಂಶದ ಮಾತ್ರೆ. ಹಾರ್ಮೋನು ಬೇಡವೆನ್ನುವವರಿಗೆ 'ಛಾಯಾ' ಇದೆ.

ಮುಟ್ಟು ಕಾಯಿಲೆಯಲ್ಲ. ಆದರೆ ತಿಂಗಳು ತಿಂಗಳೂ ಅತಿಸ್ರಾವವಾಗಿ ಸುಸ್ತು, ಏದುಸಿರು ಬಂದರೆ ತಪಾಸಣೆ ಬೇಕೇ ಬೇಕು. ಖರ್ಚಿಗೆ ಹೆದರಿ, ಮಾತ್ರೆಯಲ್ಲೇ ದಿನ ದೂಡುತ್ತಿರುವ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಅವರ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಚಿಕಿತ್ಸೆಗೆ ಸಂಘದ ವೈದ್ಯಕೀಯ ನೆರವು ನಿಧಿ ಆಸರೆಯಾಗಬೇಕು. ಕೈಲಾದಷ್ಟು ಕೊಡಿ, ನೆರವು ಬೇಕಾದವರು ಸಂಕೋಚ ಬಿಟ್ಟು ಬನ್ನಿ, ಹೆಸರು ಹೊರಗೆ ಹೋಗುವುದಿಲ್ಲ.