ನಗರದ ಸಿಂಹಾಸನ ಕೇಳಲು ಬಂದ ಬೂದಿ ಬಸವಪ್ಪ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಠೇವಣಿ, ಸಾಲ, ವಸೂಲಿ ಎಲ್ಲದರ ಬಗ್ಗೆ ನಮಗಿಂತ ಮುಂಚೆ ಮಾತಾಡಿದವರು ಸವಿಸ್ತಾರವಾಗಿ ಹೇಳಿದ್ದಾರೆ. ಅದನ್ನೇ ನಾವೂ ಶುರು ಮಾಡಿದರೆ ನೀವು ಒಬ್ಬೊಬ್ಬರಾಗಿ ಎದ್ದು ಅಡಿಗೆ ಚಪ್ಪರದ ಕಡೆ ಹೋಗುತ್ತೀರಿ. ಹಾಗಾಗಿ ಒಬ್ಬ ರಾಜನ ಕಥೆ ಹೇಳೋಣ ಅಂತ ನಿಂತಿದ್ದೇವೆ. ನಾವು ಎಸ್ಸೆಸ್ಸೆಲ್ಸಿ ಓದಿ ತೋಟ ಗದ್ದೆಗೆ ಇಳಿದವರು, ಇತಿಹಾಸದ ಪಂಡಿತರಲ್ಲ. ಆದರೆ ಈ ರಾಜ ಪಂಡಿತರಿಗಿಂತ ನಮ್ಮ ನಿಮ್ಮಂಥವರಿಗೇ ಹತ್ತಿರದವನು. ಯಾಕೆಂದರೆ ಅವನು ಸಿಂಹಾಸನ ಕೇಳಿದ್ದು ರೈತರ ಬಾಕಿ ಮನ್ನಾ ಮಾಡುತ್ತೇನೆ ಎಂದು ಹೇಳಿ!

ಸಿಂಹಾಸನ ಯಾವುದು ಅಂದರೆ ನಮ್ಮದೇ. 1499ರ ಹೊತ್ತಿಗೆ ಸಾಗರ ಸೀಮೆಯ ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಗೆ ಬಂದು, ಅಲ್ಲಿಂದ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಬಂದು ಕೂತ ಸಂಸ್ಥಾನ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವೂ ಅವರದೇ ಕೋಟೆ. ಘಟ್ಟದ ಕೆಳಗಿನ ಸೀಮೆಯೂ ಅವರ ಕೈಯಲ್ಲಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಅಲ್ಲಿಗೆ ಆ ಸಿಂಹಾಸನದ ಕಥೆ ಮುಗಿಯಿತು.

ಮುಗಿದ ಸಿಂಹಾಸನಕ್ಕೆ ವಾರಸುದಾರರು ಹುಟ್ಟುವುದು ಹೊಸದೇನಲ್ಲ. ಹೈದರಾಲಿ ಬರುವಾಗಲೇ ಒಬ್ಬನನ್ನು ಜೊತೆಗೆ ಕರೆದುಕೊಂಡು ಬಂದಿದ್ದ. ಪಟ್ಟದಲ್ಲಿದ್ದ ಹುಡುಗ ಚೆನ್ನಬಸಪ್ಪನಾಯಕನನ್ನು ರಾಣಿ ವೀರಮ್ಮಾಜಿಯೇ ಕೊಲ್ಲಿಸಿದಳು ಎಂದು ಸುದ್ದಿಯಿತ್ತು. "ನಾನು ಸತ್ತಿಲ್ಲ, ತಪ್ಪಿಸಿಕೊಂಡು ಬದುಕಿದ್ದೇನೆ, ನಾನೇ ಆ ಚೆನ್ನಬಸಪ್ಪ" ಎಂದು ಒಬ್ಬ ಚಿತ್ರದುರ್ಗದ ಪಾಳೆಯಗಾರನ ಹತ್ತಿರ ಬಂದ. ಅವರು ಅವನನ್ನು ಹೈದರಾಲಿಗೆ ತೋರಿಸಿದರು. ಹೈದರನಿಗೂ ಒಂದು ನೆವ ಬೇಕಿತ್ತು. ಅವನ ದಂಡಿನವರೇ ಇವನನ್ನು 'ಗೈಬು ರಾಜ', ಅಂದರೆ ಮಾಯವಾಗಿ ಎದ್ದುಬಂದ ರಾಜ ಎಂದು ನಗೆಯಾಡುತ್ತಿದ್ದರಂತೆ. ವಿಲ್ಕ್ಸ್ ಎಂಬ ಇಂಗ್ಲಿಷಿನವನು ಬರೆದಿಟ್ಟಿದ್ದಾನೆ. ಊರು ಕೈಗೆ ಬಂದ ಮೇಲೆ ಏನಾಯಿತು? ರಾಣಿಯನ್ನೂ ಮಧುಗಿರಿಯ ಸೆರೆಗೆ ಕಳಿಸಿದ, ಗೈಬು ರಾಜನನ್ನೂ ಅಲ್ಲಿಗೇ ಕಳಿಸಿದ. ವ್ಯಾಜ್ಯ ತೀರ್ಮಾನ!

ಇದಾಗಿ 67 ವರ್ಷದ ಮೇಲೆ, 1830ರಲ್ಲಿ, ನಮ್ಮ ಕಥಾನಾಯಕ ಎದ್ದ. ನಿಜವಾದ ಹೆಸರು ಸಾದರ ಮಲ್ಲ. ರೈತನ ಮಗ. ದರೋಡೆಯ ಗುಂಪಿನ ಸಹವಾಸ ಮಾಡಿದವನು, ಜೈಲನ್ನೂ ಕಂಡವನು. ನಗರದ ಅರಸರಿಗೆ ಗುರುವಾಗಿದ್ದ ಒಬ್ಬ ಜಂಗಮರ ಕಡೆಯಿಂದ ಹಳೇ ಸಂಸ್ಥಾನದ ಮೊಹರು ಇವನ ಕೈಸೇರಿತು. ಮೊಹರು ಸಿಕ್ಕಿದ ಮೇಲೆ ಹೆಸರು ಬೇಡವೇ? ಬೂದಿ ಬಸವಪ್ಪನಾಯಕ ಎಂದು ಇಟ್ಟುಕೊಂಡ.

ಎಲ್ಲಕ್ಕಿಂತ ಮಜಾ ಇರುವುದು ರಹದಾರಿಯ ಸಂಗತಿ. ಕೆನರಾ ಜಿಲ್ಲೆಯಲ್ಲಿ ಕಂಪನಿ ಸರ್ಕಾರದ ಮ್ಯಾಜಿಸ್ಟ್ರೇಟರಿಂದ ಇವನು ಒಂದು ರಹದಾರಿ ಪತ್ರ ಮಾಡಿಸಿಕೊಂಡ. ಅದರಲ್ಲಿ ತನ್ನನ್ನು 'ನಗರದ ಖಾವಂದ' ಎಂದು ಬರೆಸಿಕೊಂಡ. ಖಾವಂದರು ಅಂದರೆ ಯಾರು ಎಂದು ಧರ್ಮಸ್ಥಳಕ್ಕೆ ಹೋಗಿಬಂದ ನಿಮಗೆ ಹೇಳಬೇಕಾಗಿಲ್ಲ. ಕೆಳಗೆ ಸಾಹೇಬರ ಸಹಿ, ಮೇಲೆ ಸರ್ಕಾರದ ಮುದ್ರೆ. ಅಲ್ಲಿಗೆ ರಾಜನಾದ! ನಗಬೇಡಿ ಮಾರಾಯ್ರೇ. ಪಹಣಿಯಲ್ಲಿ ನಮ್ಮಪ್ಪನ ಹೆಸರಿನ ಒಂದಕ್ಷರ ತಪ್ಪಿದರೆ ಊರಿಗೆಲ್ಲ ಗೊತ್ತಿರುವ ಅಪ್ಪನನ್ನೂ ಕಚೇರಿಯವರು ಅಪ್ಪ ಎಂದು ಒಪ್ಪುವುದಿಲ್ಲ. ಅದೇ ಮುದ್ರೆ ಬಿದ್ದ ಕಾಗದದಲ್ಲಿ ರಾಜ ಎಂದಿದ್ದರೆ ಅಲ್ಲ ಅನ್ನಲು ಯಾರಿಗೆ ಧೈರ್ಯ?

ಹಾಗಾದರೆ ನಮ್ಮ ಹಿರೀಕರು ಅಷ್ಟು ಪೆದ್ದರೇ, ಒಂದು ಮೊಹರು ಒಂದು ಕಾಗದ ನೋಡಿ ನಂಬಿದರೇ ಎಂದು ನೀವು ಕೇಳಬಹುದು. ನಮಗೆ ಹಾಗನ್ನಿಸುವುದಿಲ್ಲ.

ಆಗ ಮೈಸೂರು ಸರ್ಕಾರದಲ್ಲಿ 'ಶರತ್ತು' ಎಂಬ ಪದ್ಧತಿ. ಇಂತಿಷ್ಟು ಹಣ ಖಜಾನೆಗೆ ತಲುಪಿಸುತ್ತೇನೆ ಎಂದು ಅಮಲ್ದಾರ ಬರೆದುಕೊಡಬೇಕು. ತಲುಪಿಸಿದರೆ ಉಳಿದಿದ್ದನ್ನು ಹೇಗೆ ಎತ್ತಿದ ಎಂದು ಕೇಳುವವರಿಲ್ಲ. ಅದರ ಮೇಲೆ ಹೊಸದಾಗಿ ನಗರಕ್ಕೆ ಬಂದ ಫೌಜುದಾರ ವೀರರಾಜ ಅರಸು, ಹಿಂದಿನವರ ಕಾಲದಲ್ಲಿ ಬಿಟ್ಟುಹೋದ ಬಾಕಿಯ ಲೆಕ್ಕವನ್ನು ಮತ್ತೆ ಕೆದಕಿದ. ಹಿಂದಿನ ಲೆಕ್ಕದಲ್ಲಿ ಮೋಸ ಇದ್ದಿದ್ದೂ ಹೌದು. ಆದರೆ ಚುಕ್ತಾ ಆಯಿತು ಎಂದುಕೊಂಡ ಬಾಕಿಗೆ ಮತ್ತೆ ನೋಟೀಸು ಬಂದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಸಾಲಗಾರನಿಗೇ ಗೊತ್ತು.

ಅಂಥ ಹೊತ್ತಿನಲ್ಲಿ ಬೂದಿ ಬಸವಪ್ಪನ ಮಾತು ಬಂತು: ಹಳೇ ಬಾಕಿ ಪೂರ್ತಿ ಬಿಟ್ಟೆ, ಇನ್ನು ಮುಂದೆ ಒಂದು ವರಹ ಕಂದಾಯ ಕಟ್ಟುವವನು ಒಂದು ರೂಪಾಯಿ ಕಟ್ಟಿದರೆ ಸಾಕು. ವರಹ ಅಂದರೆ ಸುಮಾರು ಮೂರು ರೂಪಾಯಿ. ಮೂರರಲ್ಲಿ ಎರಡು ಪಾಲು ಉಳಿತಾಯ! ಸಾಲ ಮನ್ನಾ ಎಂದರೆ ನಾವು 1990ರ ಹತ್ತು ಸಾವಿರ, 2008ರದ್ದು, 2017ರ ಐವತ್ತು ಸಾವಿರ, 2018ರದ್ದು ಎಂದು ಎಣಿಸುತ್ತೇವೆ. ಪ್ರಣಾಳಿಕೆ ಮೊದಲಿನದಕ್ಕೂ ನೂರರವತ್ತು ವರ್ಷ ಮೊದಲೇ ನಮ್ಮ ಮಲೆನಾಡಿನಲ್ಲಿ ಹೊರಟಿತ್ತು ನೋಡಿ. ಒಂದೇ ವ್ಯತ್ಯಾಸ. ಈಗಿನ ಮನ್ನಾದ ದುಡ್ಡನ್ನು ತಡವಾಗಿಯಾದರೂ ಸರ್ಕಾರ ಸಂಘಕ್ಕೆ ತುಂಬಿಕೊಡಬೇಕು. ಬೂದಿ ಬಸವಪ್ಪನಿಗೆ ತುಂಬಿಕೊಡುವವರು ಯಾರಿದ್ದರು? ದಂಡಿಗೆ ಸಂಬಳ ಎಲ್ಲಿಂದ? ನಿರ್ದೇಶಕರಾಗಿ ನಮಗೆ ಮೊದಲು ಬರುವ ಪ್ರಶ್ನೆ ಅದು.

ಆದರೆ ಅವನ ಹಿಂದೆ ಹೋದವರಿಗೆ ಕೆಳದಿಯ ಹೆಸರು ಬರೀ ಹೆಸರಾಗಿರಲಿಲ್ಲ. ಶಿಸ್ತಿನ ಶಿವಪ್ಪನಾಯಕ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನಮ್ಮ ಮಕ್ಕಳು ಶಿಸ್ತು ಅಂದರೆ ಸಾಲಾಗಿ ನಿಲ್ಲುವುದು ಅಂದುಕೊಂಡಿದ್ದಾರೆ. ಅದು ಕಂದಾಯದ ಶಿಸ್ತು. ಅವನು ಬೇರೆ ಬೇರೆ ತರಹದ ಜಮೀನು ಗುರುತಿಸಿ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಎಷ್ಟು ಬೆಳೆಯುತ್ತದೆ ಎಂದು ಲೆಕ್ಕ ಇಡಿಸಿ, ಅದರ ಮೇಲೆ ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಎಂದು ನಿಗದಿ ಮಾಡಿದ ಎಂದು ಹೇಳುತ್ತಾರೆ. ಮೂರನೇ ಪಾಲು ಕಮ್ಮಿಯೇನಲ್ಲ. ಆದರೆ ಎಷ್ಟು ಎಂದು ಮೊದಲೇ ಗೊತ್ತಿರುತ್ತಿತ್ತು. ಶರತ್ತಿನ ಕೆಳಗೆ ನರಳಿದವನಿಗೆ ಅದೇ ರಾಮರಾಜ್ಯ. ಸಾದರ ಮಲ್ಲ ಕಾಲಿಟ್ಟಿದ್ದು ಆ ನೆನಪಿನ ಮೇಲೆ.

ಇನ್ನೊಂದು ವಿಚಾರ. ಆಗ ರೈತರ ಸಭೆಗೆ 'ಕೂಟ' ಅನ್ನುತ್ತಿದ್ದರು. 1830ರ ಆಗಸ್ಟ್ 23ರಂದು ನಗರ ಸೀಮೆಯ ರೈತರು ಬಸವಾಪಟ್ಟಣದಲ್ಲಿ ಕೂಟ ಸೇರಿ, ಕೆನರಾದ ರೈತರಿಗೆ ನೀವೂ ಏಳಿ ಎಂದು ಪತ್ರ ಬರೆದರು. ಘಟ್ಟದ ಕೆಳಗೂ ಆ ವರ್ಷ ಕಂದಾಯ ಕಟ್ಟುವುದಿಲ್ಲ ಎಂದು ಕೂಟಗಳು ಸೇರಿದವು. ಈಗ ಜೋರು ಮಳೆಗೆ ಆಗುಂಬೆಯಲ್ಲಿ ಕರೆಂಟು ಹೋದರೆ ಪಕ್ಕದ ಮನೆಯ ಸುದ್ದಿಯೂ ತಿಳಿಯುವುದಿಲ್ಲ. ನಮ್ಮ ಮಹಾಸಭೆಗೆ ಕೋರಂ ಆಗಲು ಅರ್ಧ ಗಂಟೆ ಕಾಯಬೇಕು. ಹಾಗಿರುವಾಗ ಆ ಮಳೆಗಾಲದಲ್ಲಿ ಅಷ್ಟು ಜನ ಸೇರಿದ್ದು ರಾಜನ ಮುಖ ನೋಡಲಿಕ್ಕಲ್ಲ. ಕೂಟಕ್ಕೆ ಸಂಕಟ ಇತ್ತು, ಜನ ಇತ್ತು, ಅರ್ಜಿಯ ಕೆಳಗೆ ದೊಡ್ಡ ಹೆಸರೊಂದು ಇರಲಿಲ್ಲ. ಸಾದರ ಮಲ್ಲ ಆ ಜಾಗ ತುಂಬಿದ. ಅವನು ಸುಳ್ಳುಗಾರ ಎಂದು ಎಷ್ಟೋ ಜನಕ್ಕೆ ಅನುಮಾನ ಇದ್ದೇ ಇರಬೇಕು ಅಂತ ನಮ್ಮ ಅಭಿಪ್ರಾಯ. ರಷ್ಯಾದಲ್ಲೂ 1773ರಲ್ಲಿ ಪುಗಚೇವ್ ಎಂಬವನು ತಾನೇ ಸತ್ತುಹೋದ ಚಕ್ರವರ್ತಿ ಮೂರನೇ ಪೀಟರ್ ಎಂದು ಎದ್ದ. ಅವನ ಹಿಂದೆಯೂ ರೈತಾಪಿ ಜನರೇ ಹೋದರು.

ಮುಂದಿನದು ನಗುವ ಸಂಗತಿಯಲ್ಲ. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ದಂಗೆಗೆ ಸೇರಿದ. ಮೈಸೂರಿನ ದಂಡು ಸಾಲದೆ ಕಂಪನಿಯ ಪಲ್ಟನ್ನು ಬಂತು. ಗುಂಡಿಗೆ ಸಿಕ್ಕವರಲ್ಲಿ ನೇಗಿಲು ಹಿಡಿದ ಜನವೇ ಇದ್ದರು. 1831ರ ಜೂನ್ 12ರಂದು ನಗರ ಕಂಪನಿಯ ಕೈಸೇರಿತು. ಅದೇ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ನಿಮ್ಮ ಆಡಳಿತ ಸರಿಯಿಲ್ಲ ಎಂದು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಇಡೀ ಮೈಸೂರಿನ ಆಡಳಿತವನ್ನೇ ತೆಗೆದುಕೊಂಡ. ಅದು ಒಡೆಯರ ಮನೆತನಕ್ಕೆ ವಾಪಸ್ಸು ಬಂದಿದ್ದು 1881ರಲ್ಲಿ. ಇಲ್ಲದ ಸಿಂಹಾಸನ ಕೇಳಲು ಒಬ್ಬ ಹೊರಟಿದ್ದಕ್ಕೆ, ಇದ್ದ ಸಿಂಹಾಸನವೂ ಐವತ್ತು ವರ್ಷ ಹೋಯಿತು! ಆಮೇಲೆ ಹಾಕರ್ ಎಂಬ ಅಧಿಕಾರಿಯ ಸಮಿತಿ ವಿಚಾರಣೆ ಮಾಡಿ, ರೈತರಿಗೆ ತೊಂದರೆ ಇದ್ದಿದ್ದು ನಿಜ ಎಂದು 1833ರಲ್ಲಿ ವರದಿ ಕೊಟ್ಟಿತು. ರಾಜ ಸುಳ್ಳು, ದೂರು ನಿಜ.

ಮಳೆ ನಿಂತ ಮೇಲೆ ಪುರಸೊತ್ತು ಮಾಡಿಕೊಂಡು ನಗರದ ಕೋಟೆ ನೋಡಿ ಬನ್ನಿ. ಪಕ್ಕದಲ್ಲೇ ಕೆರೆ, ಒಳಗೆ ಅಕ್ಕ ತಂಗಿ ಕೊಳ. ಸಿಂಹಾಸನ ಕೇಳುವವರು ಈಗ ಯಾರೂ ಇಲ್ಲ. ಮೈಸೂರು ಅರಮನೆಯ ಯದುವೀರರೇ 2024ರಲ್ಲಿ ಮನೆಮನೆಗೆ ಹೋಗಿ ವೋಟು ಕೇಳಿ ಲೋಕಸಭೆಗೆ ಗೆದ್ದಿದ್ದಾರೆ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, ವಾಯಿದೆ ಮೀರಿದ ಸಾಲದ ಬಗ್ಗೆ ಎರಡು ಮಾತು ಹೇಳಿ ಅಂತ. ಒಂದು ವರಹಕ್ಕೆ ಒಂದು ರೂಪಾಯಿ ಲೆಕ್ಕದಲ್ಲಿ ತೀರಿಸುತ್ತೇವೆ ಎಂದು ಸೋಮವಾರ ಯಾರೂ ಕೌಂಟರಿಗೆ ಬರಬೇಡಿ. ಎಲೆ ಹಾಕಿದ್ದಾರಂತೆ, ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು.