ಗೌರಿಬಿದನೂರಿನ ದೂರದರ್ಶಕ ಮತ್ತು ಕಚ್ಚಾ ಸಂಕೇತದ ದಾಖಲೆ

ಶಿವಮೊಗ್ಗ ಸೀಮೆಯ ಶ್ರೋತೃಗಳು ಭದ್ರಾವತಿ ಆಕಾಶವಾಣಿಯನ್ನು ಕೇಳುತ್ತ ಬಂದ ಆವರ್ತನ 675 ಕಿಲೋಹರ್ಟ್ಸ್. ಅದರ ಐವತ್ತು ಪಟ್ಟಿಗೂ ತುಸು ಮೇಲಿನ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನೇ ಆಲಿಸಲೆಂದು ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗಳು 1970ರ ದಶಕದಲ್ಲಿ ಗೌರಿಬಿದನೂರಿನ ಬಳಿ ಒಂದು ಸಾವಿರ ಡೈಪೋಲ್‌ಗಳ, ಅಂದರೆ ಎರಡು ತೋಳಿನ ಸರಳ ಆಂಟೆನಾಗಳ, ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಅದರ ಪೂರ್ವ-ಪಶ್ಚಿಮ ಸಾಲೇ ಸುಮಾರು 1.4 ಕಿಲೋಮೀಟರ್ ಉದ್ದವಿದೆ.

ಹಳೆಯ ಬಗೆಯ ಗ್ರಾಹಕಗಳು ಬಂದ ತರಂಗದ ಬಲವನ್ನು ಸರಾಸರಿ ಮಾಡಿ ಉಳಿಸಿಕೊಂಡು ಮೂಲ ತರಂಗವನ್ನು ಕೈಬಿಡುತ್ತಿದ್ದವು. ಪಲ್ಸಾರ್‌ಗಳ, ಎಂದರೆ ತಿರುಗಿದಂತೆಲ್ಲ ಭೂಮಿಯತ್ತ ಮಿಡಿತ ಬೀರುವ ನ್ಯೂಟ್ರಾನ್ ನಕ್ಷತ್ರಗಳ, ಅಧ್ಯಯನಕ್ಕೆ ಇಷ್ಟು ಕಡಿಮೆ ಆವರ್ತನದಲ್ಲಿ ಇದು ಸಾಲದು. ಏಕೆಂದರೆ ನಕ್ಷತ್ರಗಳ ನಡುವಣ ಎಲೆಕ್ಟ್ರಾನ್‌ಗಳನ್ನು ಹಾದು ಬರುವಾಗ ಕಡಿಮೆ ಆವರ್ತನದ ತರಂಗ ಹಿಂದುಳಿದು ಮಿಡಿತವೇ ಹರಡಿಹೋಗುತ್ತದೆ. ಆದ್ದರಿಂದ ಗೌರಿಬಿದನೂರಿಗೆ ಜೋಡಿಸಿದ ಪಲ್ಸಾರ್ ಗ್ರಾಹಕವು 1.05 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿನ ವಿದ್ಯುತ್ ಸಂಕೇತವನ್ನು ಸೆಕೆಂಡಿಗೆ 21 ಲಕ್ಷ ಬಾರಿ ಅಳೆದು, ಪ್ರತಿ ಅಳತೆಯನ್ನೂ ನಾಲ್ಕು ಮಟ್ಟಗಳಲ್ಲೊಂದಾಗಿ ಗುರುತಿಸಿ, ಕಚ್ಚಾ ರೂಪದಲ್ಲೇ ದಾಖಲಿಸಿತು. ನಾಲ್ಕೇ ಮಟ್ಟವೆಂದರೆ ಜಿಪುಣತನವೆನಿಸಬಹುದು. ಆದರೂ ಇಪ್ಪತ್ತು ನಿಮಿಷದ ದಾಖಲೆ ಹೆಚ್ಚುಕಡಿಮೆ ಒಂದು ಸಿ.ಡಿ.ಯನ್ನು ತುಂಬುತ್ತದೆ.

2002ರಿಂದ 2006ರವರೆಗೆ ಹೀಗೆ ಕೂಡಿಟ್ಟ ದಾಖಲೆಗೆ ಬೆಲೆ ಬಂದದ್ದು ಆಮೇಲೆ. 2008ರಲ್ಲಿ ಹಾರಿದ ಫರ್ಮಿ ಉಪಗ್ರಹವು ಗಾಮಾ ಕಿರಣಗಳಲ್ಲಿ ಜೆ1732-3131 ಎಂಬ ಪಲ್ಸಾರನ್ನು ಕಂಡಿತು; ರೇಡಿಯೋದಲ್ಲಿ ಅದು ಮೌನವಾಗಿದೆಯೆಂದೇ ಭಾವಿಸಲಾಗಿತ್ತು. ಯೋಗೇಶ್ ಮಾನ್, ಎಚ್.ಎ. ಅಶ್ವತ್ಥಪ್ಪ ಮತ್ತು ಎ.ಎ. ದೇಶಪಾಂಡೆ ಅವರು ಹಳೆಯ ದಾಖಲೆಯನ್ನು ಮತ್ತೆ ಶೋಧಿಸಿ, 0.196 ಸೆಕೆಂಡಿಗೊಮ್ಮೆ ಬರುವ ಅದರ ಮಿಡಿತದ ಕುರುಹನ್ನು 2012ರಲ್ಲಿ ಪ್ರಕಟಿಸಿದರು. ಅಷ್ಟು ಕಿರಿದಾದ ಪಟ್ಟಿಯೊಳಗೂ ಒಂದೊಂದು ಮಿಡಿತವು ಮೂರು ಸೆಕೆಂಡಿಗೂ ಮಿಕ್ಕು ಹರಡಿ ಹಿಂದುಮುಂದಿನ ಹತ್ತಾರು ಮಿಡಿತಗಳೊಡನೆ ಬೆರೆತಿರುವುದರಿಂದ, ಮೂಲ ತರಂಗ ಉಳಿಯದೆ ಇಡೀ ಪಟ್ಟಿಯ ಸರಾಸರಿಯಷ್ಟೇ ಉಳಿದಿದ್ದರೆ ಅದನ್ನು ಬಿಡಿಸಿ ತೆಗೆಯುವುದು ಸಾಧ್ಯವಿರಲಿಲ್ಲ. ಅವರು ಇದನ್ನು ‘ಸಂಭಾವ್ಯ’ ಪತ್ತೆಯೆಂದಷ್ಟೇ ಕರೆದದ್ದು ವಿಜ್ಞಾನಕ್ಕೆ ತಕ್ಕ ಸಂಯಮ.

ಆಕಾಶವನ್ನು ಹೀಗೆ ಆಲಿಸಲು ದೊಡ್ಡ ದೂರದರ್ಶಕವೇ ಬೇಕೆಂದಿಲ್ಲ. ಗುರುಗ್ರಹದ ರೇಡಿಯೋ ಸ್ಫೋಟಗಳನ್ನು 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸಾಧಾರಣ ಡೈಪೋಲ್, ಪುಟ್ಟ ಗ್ರಾಹಕ ಮತ್ತು ಒಂದು ಕಂಪ್ಯೂಟರಿನಿಂದಲೇ ಹಿಡಿಯಬಹುದಾದ್ದರಿಂದ, ಶಂಕರಘಟ್ಟದ ವಿಶ್ವವಿದ್ಯಾಲಯವೂ ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳೂ ಈ ಕೆಲಸಕ್ಕೆ ಕೈಹಾಕಬೇಕು, ಮತ್ತು ಕಚ್ಚಾ ದಾಖಲೆಯನ್ನು ಅಳಿಸದೆ ಇಡಬೇಕು.