ಕಾಸಿಲ್ಲದ ಭಾನುವಾರ

ಸಂಸಾರಸ್ಥರಾದ ಶ್ರೋತೃಗಳಿಗೆ ತಿಂಗಳ ಕೊನೆಯ ಭಾನುವಾರವನ್ನು ನಾನು ಬಣ್ಣಿಸಿ ಹೇಳಬೇಕಾದುದಿಲ್ಲ. ಅಂದು ಮಕ್ಕಳಿಗೂ ರಜೆ, ಹಣದ ಚೀಲಕ್ಕೂ ರಜೆ. "ಬರುವ ತಿಂಗಳು ಹೋಗೋಣ" ಎಂಬ ಮಾತನ್ನು ನಾನು ಅದೆಷ್ಟು ಸಾರಿ ಆಡಿದ್ದೆನೋ, ಹನ್ನೊಂದು ವರ್ಷದ ನನ್ನ ಮಗಳು ಮಾತ್ರ ಲೆಕ್ಕವಿಟ್ಟಿದ್ದಳು. ಮಾತು ತಪ್ಪಿದ ದಿನಗಳಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಸೊನ್ನೆ ಸುತ್ತಿದ್ದಳು. ಐದನೆಯ ಸೊನ್ನೆಯನ್ನು ಸುತ್ತುತ್ತ, ಸಿಟ್ಟೇನೂ ಇಲ್ಲದೆ ಕೇಳಿದಳು: "ಅಪ್ಪ, ದುಡ್ಡು ಕೇಳದ ಜಾಗ ಒಂದೂ ಇಲ್ಲವೇನು?" ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವವನಿಗೆ ಉತ್ತರ ತೋಚಲಿಲ್ಲ.

ನಾವಿರುವುದು ಬೆಂಗಳೂರಿನ ಬಸವನಗುಡಿಯಲ್ಲಿ. 1898ರ ಪ್ಲೇಗಿನ ಭೀತಿಯಲ್ಲಿ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಗಾಳಿಬೆಳಕಿಗೆ ತರಬೇಕೆಂದು ಮಲ್ಲೇಶ್ವರದೊಡನೆ ಬೆಳೆಸಿದ ಬಡಾವಣೆಯಿದು. ಗಾಳಿಗಾಗಿ ಹುಟ್ಟಿದ ಬಡಾವಣೆಯಲ್ಲಿದ್ದುಕೊಂಡು ಗಾಳಿಸಂಚಾರಕ್ಕೆ ಸಂಬಳದ ದಿನವನ್ನು ಕಾಯುತ್ತಿದ್ದ ನನ್ನ ಬುದ್ಧಿಗೆ ಏನೆನ್ನಲಿ! ಹತ್ತು ನಿಮಿಷದ ನಡಿಗೆಯಲ್ಲಿ ಬ್ಯೂಗಲ್ ರಾಕ್ ಉದ್ಯಾನವಿದೆ. ಸಂಜೆ ನಾಲ್ಕೂವರೆಗೆ ನಾವು ನಾಲ್ವರೂ ಹೊರಟೆವು.

ಅಲ್ಲಿಯ ಬಂಡೆಗಳಿಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಧ್ಯಾಪಕನ ಚಪಲ, ನಾನು ಇದನ್ನು ಒದರಿಯೇಬಿಟ್ಟೆ. ಏಳು ವರ್ಷದ ಮಗನಿಗೆ ಕೋಟಿಯೂ ಒಂದೇ, ನೂರೂ ಒಂದೇ. ಆದಕಾರಣ ಬೇರೆ ರೀತಿಯಲ್ಲಿ ಹೇಳಿದೆ: ಒಂದೊಂದು ವರ್ಷಕ್ಕೆ ಒಂದೊಂದು ಸೆಕೆಂಡಿನಂತೆ, ಊಟ ನಿದ್ರೆಗಳಿಲ್ಲದೆ ಎಣಿಸುತ್ತ ಕುಳಿತರೆ, ಮುಗಿಯುವ ಹೊತ್ತಿಗೆ ತೊಂಬತ್ತೈದು ವರ್ಷಗಳಾಗುತ್ತವೆ. ಅವನು ಕೂಡಲೇ ಎಣಿಸತೊಡಗಿದ. ಇನ್ನೂರ ಹನ್ನೆರಡಕ್ಕೆ ಬಂದಾಗ ಕಡಲೆಕಾಯಿ ಮಾರುವವನು ಕಣ್ಣಿಗೆ ಬಿದ್ದ. ಲೆಕ್ಕ ಅಲ್ಲಿಗೇ ನಿಂತಿತು.

ಕಾಸಿಲ್ಲದ ವಿಹಾರಕ್ಕೆ ನಿಜವಾದ ಅಪಾಯವಿರುವುದು ಇಲ್ಲಿಯೇ. ಪುಣ್ಯಕ್ಕೆ ನನ್ನ ಹೆಂಡತಿ ಹುರಿದ ಕಡಲೆಕಾಯನ್ನು ಮನೆಯಿಂದಲೇ ಕಟ್ಟಿ ತಂದಿದ್ದಳು. ಅದನ್ನು ಸುಲಿಯುತ್ತ ಪಕ್ಕದ ದೊಡ್ಡ ಬಸವಣ್ಣನ ಕಥೆಯನ್ನು ಹೇಳಿದಳು: ಹೊಲದ ಕಡಲೆಕಾಯನ್ನು ರಾತ್ರಿಯೆಲ್ಲ ಮೇಯುತ್ತಿದ್ದ ಬಸವ, ಕಾವಲಿದ್ದ ರೈತ, ಕೊನೆಗೆ ಕಲ್ಲಾಗಿ ಕುಳಿತ ದೇವರು. ಕಾರ್ತಿಕದ ಕಡೆಯ ಸೋಮವಾರದ ಪರಿಷೆಗೆ ಇದೇ ಮೂಲವೆನ್ನುತ್ತಾರೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಸಮುದ್ರ ದಾಟಿ ಬಂದ ಬೆಳೆ. ಕೆಂಪೇಗೌಡನ ಕಾಲಕ್ಕೆ ಇಲ್ಲಿಯ ಹೊಲಗಳಲ್ಲಿತ್ತೆ ಎಂಬ ಸಂಶಯ ನನ್ನ ನಾಲಗೆಯ ತುದಿಗೆ ಬಂದಿತ್ತು. ಮಕ್ಕಳ ಮುಖ ನೋಡಿ ನುಂಗಿಕೊಂಡೆ.

ಆಮೇಲೆ ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಲ್ಲುಬೆಂಚಿನ ಮೇಲೆ ಕುಳಿತು ಜೇಬಿನಿಂದ ಫೋನು ತೆಗೆದೆ. ತಲೆಯೆತ್ತಿದಾಗ ಮಗನು ಆಳೆತ್ತರದ ಬಂಡೆಯೊಂದರ ನೆತ್ತಿಯಲ್ಲಿದ್ದ. ಹತ್ತುವಾಗ ಕಾಣದ ಇಳಿಜಾರು ಇಳಿಯುವಾಗ ಕಂಡಿರಬೇಕು. ಅವನು ಕೂಗಲಿಲ್ಲ, ಅಳಲಿಲ್ಲ. ನಾನು ಯಾವಾಗ ನೋಡುವೆನೋ ಎಂದು ನನ್ನ ಕಡೆಗೇ ನೋಡುತ್ತಿದ್ದ. ಎಷ್ಟು ಹೊತ್ತಿನಿಂದಲೋ! ಪಂಚೆ ಎತ್ತಿ ಕಟ್ಟಿ, ಇಪ್ಪತ್ತು ವರ್ಷಗಳ ಮೇಲೆ ಬಂಡೆ ಹತ್ತಿದೆ. ಕೂತುಕೊಂಡು ಜಾರಬೇಕೆಂಬ ವಿದ್ಯೆ ಅದೃಷ್ಟವಶಾತ್ ಮರೆತಿರಲಿಲ್ಲ. ಇಬ್ಬರೂ ಜಾರಿಕೊಂಡೇ ನೆಲ ಮುಟ್ಟಿದೆವು. "ದುಡ್ಡು ಕೇಳದ ಜಾಗವೆಂದರೆ ಕಣ್ಣನ್ನೂ ಕೇಳುವುದಿಲ್ಲವೆ?" ಎಂದಳು ಮನೆಯಾಕೆ. ಪಂಚೆಯ ಧೂಳು ಕೊಡವಿಕೊಂಡೆ.

ಕತ್ತಲಾಗುತ್ತಿದ್ದಂತೆ ಮರಗಳಲ್ಲಿ ಒಣಗಿದ ಬಟ್ಟೆಯಂತೆ ತೂಗಾಡುತ್ತಿದ್ದ ಬಾವಲಿಗಳು ಒಂದೊಂದಾಗಿ ರೆಕ್ಕೆ ಬಿಚ್ಚಿ ಹೊರಟವು. ಅವು ಹಣ್ಣು ತಿನ್ನುವ ಬಾವಲಿಗಳು, ಯಾರಿಗೂ ಕೇಡು ಮಾಡುವುದಿಲ್ಲವೆಂದು ಮಗಳು ತಮ್ಮನಿಗೆ ಬೋಧಿಸುತ್ತಿದ್ದಳು. ಈ ಚಪಲ ಮನೆತನದ್ದೇ ಎಂದು ತೋರುತ್ತದೆ.

ಲಾಲ್‌ಬಾಗಿನಲ್ಲಿಯೂ ಇದೇ ಕುಲದ ಬಂಡೆಯಿದೆ. ಆದರೆ ಹಗಲಿನಲ್ಲಿ ಅಲ್ಲಿಗೆ ಚೀಟಿ ಕೊಳ್ಳಬೇಕು. ಮಧ್ಯಪೇಟೆಯವರಿಗೆ 1870ರ ಕಬ್ಬನ್ ಉದ್ಯಾನವಿದೆ. ಯಾವುದು ಹತ್ತಿರವೋ ಅಲ್ಲಿಗೆ ಹೋಗಿರಿ. ಕುಡಿಯುವ ನೀರನ್ನು ಮಾತ್ರ ಮರೆಯಬೇಡಿರಿ.

ಮನೆಗೆ ಬಂದೊಡನೆ ಮಗಳು ಕ್ಯಾಲೆಂಡರಿನ ಬಳಿ ಹೋಗಿ ಒಂದು ಸೊನ್ನೆಯನ್ನು ಹೊಡೆದುಹಾಕಿದಳು. ಉಳಿದ ನಾಲ್ಕರ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.